ಕಮ್ಯೂನಿಟಿ ಕಾಲೇಜಾ? ಅಷ್ಟೇನಾ?

ಮೊನ್ನೆ ಕನ್ನಡ ಕೂಟದ ಊಟದ ಸಾಲಿನಲ್ಲಿ ಒಬ್ಬರು ಆಂಟಿ ಕೇಳಿದರು, "ನರ್ಸಿಂಗ್ ಎಲ್ಲಿ ಓದಿದ್ದಮ್ಮಾ?" ಕಮ್ಯೂನಿಟಿ ಕಾಲೇಜಲ್ಲಿ (ಅಮೆರಿಕದ ಕಡಿಮೆ ಫೀಸಿನ, ಎರಡು ವರ್ಷದ ಸರ್ಕಾರಿ ಕಾಲೇಜು) ಅಂದೆ. "ಓ, ಅಷ್ಟೇನಾ" ಅಂದು ಹೋಳಿಗೆ ಕಡೆ ತಿರುಗಿದರು. ತಪ್ಪು ಹೇಳಲ್ಲ, ಹೋಳಿಗೆ ಮುಗಿಯೋ ಹಾಗಿತ್ತು. ಆದ್ರೆ ಆ 'ಅಷ್ಟೇನಾ' ನನ್ನ ಜೊತೆ ಮನೆಗೂ ಬಂತು.

ನಾನು ಶಿವಮೊಗ್ಗದಲ್ಲಿ ಬಿಕಾಂ ಮಾಡಿದವಳು. ಮದುವೆಯಾಗಿ ಕ್ಯಾಲಿಫೋರ್ನಿಯಾಕ್ಕೆ ಬಂದೆ. ಎಚ್4 ವೀಸಾ, ಅಂದ್ರೆ ಗಂಡನ ಕೆಲಸದ ವೀಸಾ ಜೊತೆ ಹೆಂಡತಿಗೆ ಸಿಗೋದು. ಆಗ ಕೆಲಸ ಮಾಡೋ ಹಾಗಿರಲಿಲ್ಲ, ಓದಬಹುದಿತ್ತು. ಇಲ್ಲಿನ ಕಮ್ಯೂನಿಟಿ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಫೀಸು, ಪಾಠಗಳನ್ನು ಅಳೆಯೋ ಒಂದು ಯೂನಿಟ್‌ಗೆ 46 ಡಾಲರ್. 70 ಯೂನಿಟ್ ಓದಿದರೆ 3,220. ಪುಸ್ತಕ, ಯೂನಿಫಾರಂ ಬೇರೆ.

"ಎರಡು ವರ್ಷದ ಕೋರ್ಸ್" ಅನ್ನೋದು ಮಾತ್ರ ಅರ್ಧ ಸುಳ್ಳು. ಅನಾಟಮಿ, ಫಿಸಿಯಾಲಜಿ, ಮೈಕ್ರೋಬಯಾಲಜಿ ಮೊದಲೇ ಮುಗಿಸಿರಬೇಕು. ಆಮೇಲೆ ಪ್ರವೇಶ ಪರೀಕ್ಷೆ. ಅಷ್ಟಾದರೂ ಸೀಟಿಗಿಂತ ಅರ್ಜಿ ಜಾಸ್ತಿ, ಅದಕ್ಕೆ ಕೆಲವು ಕಾಲೇಜುಗಳು ಲಾಟರಿ ಎತ್ತುತ್ತವೆ. ನನಗೆ ಎರಡು ಸಲ ಬರಲಿಲ್ಲ. ಮೂರನೇ ಸಲ ಬಂದಾಗ ಖುಷಿಯಲ್ಲಿ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ರಾತ್ರಿ ಎರಡು ಗಂಟೆ. "ಯಾರಿಗೇನಾಯ್ತೇ?" ಅಂತ ಪಾಪ ನಡುಗಿಹೋಗಿದ್ದಳು.

ಒಳಗೆ ಹೋದಮೇಲೆ ಎಷ್ಟು ಕಷ್ಟ ಅಂತ ಗೊತ್ತಾಯಿತು. ಕ್ಯಾಥೆಟರ್ (ದೇಹದೊಳಗೆ ಹಾಕೋ ನಳಿಕೆ) ಹಾಕೋ ಪರೀಕ್ಷೆ, ಬೊಂಬೆ ಮೇಲೆ. ಸ್ಟೆರೈಲ್ ಗ್ಲೌಸ್ ಹಾಕಿದ ಕೈ ಸೊಂಟದಿಂದ ಕೆಳಗೆ ಇಳಿಯಬಾರದು, ಬೇರೇನೂ ಮುಟ್ಟಬಾರದು. ಸರಿಯಾಗಿ ಆಗಲೇ ಮೂಗು ತುರಿಸಿತು. ಕೈ ತಾನಾಗೇ ಮೇಲೆ ಹೋಯಿತು. ಮೇಡಂ ಪೆನ್ ಕೆಳಗಿಟ್ಟರು. ಮತ್ತೆ ಮೊದಲಿಂದ.

ಇನ್ನೊಂದು ಔಷಧಿ ಲೆಕ್ಕದ ಪರೀಕ್ಷೆ. ಬಿಕಾಂ ಅಲ್ವಾ, ಲೆಕ್ಕ ತಾನೇ ಅಂತ ಜಂಬದಲ್ಲಿ ಹೋದೆ. ಉತ್ತರ .5 ಅಂತ ಬರೆದೆ. ತಪ್ಪು. 0.5 ಅಂತಲೇ ಬರೆಯಬೇಕು. ಚುಕ್ಕೆ ಕಣ್ಣಿಗೆ ಬೀಳದಿದ್ದರೆ 5 ಆಗುತ್ತದೆ, ರೋಗಿಗೆ ಹತ್ತು ಪಟ್ಟು ಔಷಧಿ ಹೋಗುತ್ತದೆ. ಈಗ ದಿನಸಿ ಚೀಟಿಯಲ್ಲೂ 0.5 ಕೆಜಿ ಅಂತಲೇ ಬರೆಯುತ್ತೇನೆ.

ನಾಲ್ಕು ವರ್ಷ ನರ್ಸಿಂಗ್ ಪದವಿ, ಅಂದ್ರೆ ಬಿಎಸ್‌ಎನ್ ಓದಿದವರೂ ನಾವೂ ಕೊನೆಗೆ ಬರೆಯೋದು ಒಂದೇ ಲೈಸೆನ್ಸ್ ಪರೀಕ್ಷೆ, ಎನ್‌ಕ್ಲೆಕ್ಸ್. ಕಡಿಮೆ ಅಂದ್ರೆ 85 ಪ್ರಶ್ನೆ, ಜಾಸ್ತಿ ಅಂದ್ರೆ 150. ನಡುವೆ ಯಾವಾಗ ಬೇಕಾದರೂ ಕಂಪ್ಯೂಟರ್ ಪರೀಕ್ಷೆ ನಿಲ್ಲಿಸಿಬಿಡಬಹುದು. ನನ್ನದು 85ಕ್ಕೇ ನಿಂತಿತು. ಪಾಸೋ ಫೇಲೋ ಗೊತ್ತಿಲ್ಲದೆ ಪಾರ್ಕಿಂಗ್‌ನಲ್ಲಿ ಸುಮ್ನೆ ಕೂತಿದ್ದೆ. ಸಿಗೋ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸೂ ಒಂದೇ. ಕಮ್ಯೂನಿಟಿ ಕಾಲೇಜಿನ ಈ ಎರಡು ವರ್ಷದ ದಾರಿ ನಿನ್ನೆ ಮೊನ್ನೆ ಹುಟ್ಟಿದ್ದೂ ಅಲ್ಲ. ಎರಡನೇ ಮಹಾಯುದ್ಧದ ನಂತರ ನರ್ಸ್‌ಗಳ ಕೊರತೆ ಇತ್ತು. ಮಿಲ್ಡ್ರೆಡ್ ಮೊಂಟಾಗ್ ಅನ್ನೋ ನರ್ಸಿಂಗ್ ಶಿಕ್ಷಕಿ 1951ರಲ್ಲಿ ಇದರ ಯೋಜನೆ ಬರೆದರು, ಮರುವರ್ಷವೇ ಪ್ರಯೋಗ ಶುರುವಾಯಿತು.

ಹಾಗಂತ ಎಲ್ಲ ಚೆಂದ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಂದು ದೊಡ್ಡ ಆಸ್ಪತ್ರೆಯವರು ಬಿಎಸ್‌ಎನ್ ಇಲ್ಲ ಅಂತ ನನ್ನ ಅರ್ಜಿ ನೋಡಲೂ ಇಲ್ಲ. ಅವರ ಮಾತಿಗೂ ಆಧಾರ ಇದೆ. 2003ರಲ್ಲಿ ಸಂಶೋಧಕಿ ಲಿಂಡಾ ಐಕೆನ್ ಮತ್ತು ಜೊತೆಯವರು ಪೆನ್ಸಿಲ್ವೇನಿಯಾದ 168 ಆಸ್ಪತ್ರೆಗಳ ಲೆಕ್ಕ ನೋಡಿದ್ದರು. ನಾಲ್ಕು ವರ್ಷದ ಪದವಿಯ ನರ್ಸ್‌ಗಳು ಜಾಸ್ತಿ ಇದ್ದ ಕಡೆ ಆಪರೇಷನ್ ನಂತರದ ಸಾವು ಕಡಿಮೆ ಇತ್ತು. ಸರಿ, ಒಪ್ಪಿದೆ. ಹಾಗಿದ್ರೆ ಆ ಪದವಿಯನ್ನೂ ಕಡಿಮೆ ಫೀಸಿಗೆ ಇಲ್ಲೇ ಕೊಡಿ ಅಂತ ನನ್ನ ವಾದ. ಕೆಲವು ಕಮ್ಯೂನಿಟಿ ಕಾಲೇಜುಗಳಿಗೆ ಅದಕ್ಕೆ ಅವಕಾಶ ಕೊಡೋ ಮಸೂದೆ 2024ರಲ್ಲಿ ಕ್ಯಾಲಿಫೋರ್ನಿಯಾ ಶಾಸನಸಭೆಯಲ್ಲಿ ಪಾಸಾಗಿತ್ತು. ಗವರ್ನರ್ ನ್ಯೂಸಮ್ ವೀಟೋ ಮಾಡಿದರು. ನನಗೆ ಇವತ್ತಿಗೂ ಸಿಟ್ಟಿದೆ.

ಈಗ ವಾರಕ್ಕೆ ಮೂರು ದಿನ ಹನ್ನೆರಡು ಗಂಟೆಯ ಶಿಫ್ಟ್, ಉಳಿದ ದಿನ ಆನ್‌ಲೈನ್‌ನಲ್ಲಿ ಬಿಎಸ್‌ಎನ್. ಇದರ ಫೀಸು 46 ಡಾಲರ್ ಅಲ್ಲ, ಬಿಡಿ. ಭಾನುವಾರ ರಾತ್ರಿಯೊಳಗೆ ಎಂಟು ಪುಟದ ಅಸೈನ್‌ಮೆಂಟ್ ಕೊಡಬೇಕು. ಒಂದು ಸಾಲೂ ಬರೆದಿಲ್ಲ, ಇಲ್ಲಿ ಇಷ್ಟುದ್ದ ಬರೆದು ಕೂತಿದ್ದೇನೆ.