ಹನ್ನೆರಡು ಪಟ್ಟು ಜೂಮ್, ಅದರಲ್ಲಿ ಬಳಕೆಗೆ ಬರುವುದೆಷ್ಟು?

ಜೇಬಿಗೆ ಇಳಿಯುವ ಪುಟಾಣಿ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಕಾಲ ಬಂದಿದೆ. ಕಾಲೇಜು ಹುಡುಗರು ಬೀರುವಿನ ಮೂಲೆಯಿಂದ ಅಪ್ಪನ ಹಳೇ ಕ್ಯಾಮೆರಾ ಹುಡುಕಿ ತೆಗೆಯುತ್ತಿದ್ದಾರೆ, ಸಿಗದವರು ಸೆಕೆಂಡ್ ಹ್ಯಾಂಡ್‌ಗೆ ಮುಗಿಬೀಳುತ್ತಿದ್ದಾರೆ. ಈ ಹುಚ್ಚು ನೋಡಿಯೇ ಇರಬೇಕು, 2016ರ ಇಕ್ಸಸ್ 285 ಎಚ್‌ಎಸ್ ಅನ್ನು ಕ್ಯಾನನ್ 2025ರಲ್ಲಿ ಹೆಸರಿನ ತುದಿಗೆ ‘ಎ’ ಅಂಟಿಸಿ ಮತ್ತೆ ಬಿಟ್ಟಿತು. ಎಸ್‌ಡಿ ಕಾರ್ಡ್ ಹೋಗಿ ಮೈಕ್ರೋ ಎಸ್‌ಡಿ ಬಂತು ಅನ್ನುವುದು ಬಿಟ್ಟರೆ ಫೋಟೋ ಮಟ್ಟಿಗೆ ಹೊಸದೇನೂ ಇಲ್ಲ. ಬಿಡುಗಡೆಯ ಹೊತ್ತಿಗೆ ಅಮೆರಿಕದಲ್ಲಿ ಇದರ ಬೆಲೆ 380 ಡಾಲರ್ ಇತ್ತು. ಹತ್ತು ವರ್ಷ ಹಳೆಯ ಒಳಾಂಗಕ್ಕೆ ಇದು ಜಾಸ್ತಿಯೇ ಆಯಿತು. ಆದರೆ ಈ ಜಾತಿಯ ಕ್ಯಾಮೆರಾ ಏನು ಕೊಡುತ್ತದೆ, ಏನು ಕೊಡುವುದಿಲ್ಲ ಎಂದು ನೋಡಲು ಇದಕ್ಕಿಂತ ಒಳ್ಳೆಯ ಮಾದರಿ ಸಿಗಲಾರದು.

ತೂಕ 147 ಗ್ರಾಂ, ದಪ್ಪ 23 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ಅಷ್ಟರೊಳಗೆ 35 ಎಂಎಂ ಫಿಲ್ಮ್ ಲೆಕ್ಕದಲ್ಲಿ 25ರಿಂದ 300 ಎಂಎಂಗೆ ಸಮನಾದ 12 ಪಟ್ಟು ಆಪ್ಟಿಕಲ್ ಜೂಮ್. ಇದು ಸಾಧ್ಯವಾಗಿರುವುದು ಬೆಳಕನ್ನು ಚಿತ್ರವಾಗಿಸುವ ಸೆನ್ಸರ್ ಚಿಕ್ಕದಾಗಿರುವುದರಿಂದ: 1/2.3 ಇಂಚು ಎಂದರೆ ಸುಮಾರು 6.2 × 4.6 ಮಿ.ಮೀ., ಫುಲ್ ಫ್ರೇಮ್‌ನ (35 ಎಂಎಂ ಫಿಲ್ಮಿನಷ್ಟೇ ದೊಡ್ಡ ಸೆನ್ಸರ್) ಸುಮಾರು ಮೂವತ್ತನೇ ಒಂದು ಪಾಲು. ಇನ್ನು ಲೆನ್ಸಿನ ದ್ಯುತಿರಂಧ್ರ, ಅಂದರೆ ಬೆಳಕು ಒಳಬರುವ ಕಿಂಡಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಬೆಳಕು ಕಡಿಮೆ), ಜೂಮ್ ಎಳೆಯದ ಅಗಲ ತುದಿಯಲ್ಲಿ ಎಫ್ 3.6, ಪೂರ್ತಿ ಜೂಮ್ ಎಳೆದಾಗ ಎಫ್ 7. ಅಂದರೆ ಬೆಳಕು ಕಾಲು ಭಾಗಕ್ಕೆ ಇಳಿಯಿತು. ಪೆಟ್ಟಿಗೆಯ ಮೇಲೆ 12 ಎಂದು ದೊಡ್ಡದಾಗಿ ಬರೆಯುತ್ತಾರೆ, ಎಫ್ 7 ಅನ್ನು ಮಾತ್ರ ಲೆನ್ಸಿನ ಸುತ್ತ ಸಣ್ಣಕ್ಷರದಲ್ಲಿ ಹುಡುಕಬೇಕು.

ಈ ಕ್ಯಾಮೆರಾದ 20 ಮೆಗಾಪಿಕ್ಸೆಲ್ ಕಥೆಯೂ ಇಲ್ಲೇ ಮುಗಿಯುತ್ತದೆ. ಎಫ್ 7ರಲ್ಲಿ ಬೆಳಕಿನ ಒಂದು ಬಿಂದು ಸೆನ್ಸರ್ ಮೇಲೆ ಸುಮಾರು 9 ಮೈಕ್ರಾನ್ ಅಗಲದ ಚುಕ್ಕೆಯಾಗಿ ಹರಡಿಕೊಳ್ಳುತ್ತದೆ. ಪಿಕ್ಸೆಲ್ ಅಗಲ 1.2 ಮೈಕ್ರಾನ್. ಒಂದು ಚುಕ್ಕೆ ಏಳೆಂಟು ಪಿಕ್ಸೆಲ್ ಉದ್ದಕ್ಕೆ ಹರಡಿದ ಮೇಲೆ ಎಷ್ಟು ಪಿಕ್ಸೆಲ್ ತುಂಬಿದರೇನು? ಲೆನ್ಸ್ ಎಷ್ಟೇ ಚೆನ್ನಾಗಿದ್ದರೂ ಇದನ್ನು ದಾಟಲಾಗದು. ಹಾಗಾಗಿ ಮೆನುವಿನಲ್ಲಿ ಮೊದಲು ಡಿಜಿಟಲ್ ಜೂಮ್ (ಲೆನ್ಸ್ ಅಲುಗದೆ ಚಿತ್ರವನ್ನೇ ಹಿಗ್ಗಿಸುವುದು) ಆಫ್ ಮಾಡಿ, ಫೋಟೋ ಗಾತ್ರವನ್ನು ಮಧ್ಯಮಕ್ಕೆ ಇಳಿಸಿ. ಕಳೆದುಕೊಳ್ಳುವುದು ತೀರಾ ಕಡಿಮೆ.

ಬಿಸಿಲಲ್ಲಿ ದೂರದ ಗೋಪುರ, ಮರದ ತುದಿಯ ಹಕ್ಕಿ ತೆಗೆಯಲು ಪೂರ್ತಿ ಜೂಮ್ ಧಾರಾಳವಾಗಿ ಬಳಸಿ. ಟೆಲಿಫೋಟೋ ಲೆನ್ಸ್ ಇಲ್ಲದ ಫೋನು ಇದರ ಹತ್ತಿರವೂ ಬರುವುದಿಲ್ಲ. ಆದರೆ ರಾತ್ರಿ ಯಕ್ಷಗಾನದಲ್ಲಿ ಹಿಂದಿನ ಸಾಲಿನಿಂದ ಅದೇ ಜೂಮ್ ಎಳೆದರೆ ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸೂಕ್ಷ್ಮತೆ) ಏರಿ ವೇಷದ ಬಣ್ಣಗಾರಿಕೆಯೆಲ್ಲ ಕಲಸಿಹೋಗುತ್ತದೆ. ಸ್ಟೆಬಿಲೈಸರ್ ನಿಮ್ಮ ಕೈನಡುಕ ತಡೆಯುತ್ತದೆಯೇ ಹೊರತು ಕುಣಿಯುವವರನ್ನು ನಿಲ್ಲಿಸುವುದಿಲ್ಲ. ಕತ್ತಲಲ್ಲಿ ಅಗಲ ತುದಿಗೆ ಬಂದು, ಹತ್ತಿರ ಹೋಗಿ ತೆಗೆಯುವುದೊಂದೇ ದಾರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೊದಲು ಪರೀಕ್ಷಿಸಬೇಕಾದದ್ದು ಈ ಜೂಮನ್ನೇ. ಒಂದರೊಳಗೊಂದು ಕೂರುವ ತೆಳ್ಳನೆಯ ಕೊಳವೆಗಳು, ಪ್ಲಾಸ್ಟಿಕ್ ಗಿಯರ್, ಬೆರಳ ತುದಿಯಷ್ಟು ಮೋಟಾರು. ಸಮುದ್ರ ತೀರದ ಒಂದು ಕಾಳು ಮರಳು ಒಳಹೊಕ್ಕರೂ ಸಾಕು, ಅರ್ಧ ಹೊರಬಂದ ಲೆನ್ಸ್ ಅಲ್ಲೇ ನಿಂತು ‘ಲೆನ್ಸ್ ಎರರ್’ ಬರುತ್ತದೆ; ಹಳೆಯ ಕ್ಯಾನನ್‌ಗಳಲ್ಲಿ ‘ಇ18’. ಬ್ಯಾಟರಿ ಸೋತಿದ್ದರೂ ಲೆನ್ಸ್ ಹೀಗೇ ನಿಲ್ಲಬಹುದು, ಆದ್ದರಿಂದ ತುಂಬಿದ ಬ್ಯಾಟರಿ ಹಾಕಿಯೇ ನೋಡಿ. ಹತ್ತು ಸಲ ಆನ್-ಆಫ್ ಮಾಡಿ. ಲೆನ್ಸ್ ಮೇಲ್ಮುಖವಾಗಿ ಹಿಡಿದು ಒಮ್ಮೆ, ಕೆಳಮುಖವಾಗಿ ಒಮ್ಮೆ ಪೂರ್ತಿ ಜೂಮ್ ಮಾಡಿ, ಏಕೆಂದರೆ ಮೋಟಾರಿನ ಮೇಲೆ ಭಾರ ಬಿದ್ದಾಗಲೇ ಸವೆದ ಗಿಯರ್ ಗೊತ್ತಾಗುವುದು. ಕರಕರ ಸದ್ದು ಬಂದರೆ ವಾಪಸ್ ಕೊಟ್ಟು ಬನ್ನಿ. ಗಿಯರ್ ಬದಲಾಯಿಸುವ ಖರ್ಚಿಗೆ ಬಹುತೇಕ ಇನ್ನೊಂದು ಕ್ಯಾಮೆರಾ ಬರುತ್ತದೆ.

ನಂತರ ಗೋಡೆಗೆ ದಿನಪತ್ರಿಕೆಯ ಒಂದು ಹಾಳೆ ಅಂಟಿಸಿ, ಕ್ಯಾಮೆರಾ ಮೇಜಿನ ಮೇಲೆ ಅದಕ್ಕೆ ನೇರವಾಗಿಟ್ಟು, ಎರಡು ಸೆಕೆಂಡ್ ಟೈಮರ್‌ನಲ್ಲಿ ಅಗಲ, ನಡು, ದೂರ ಮೂರರಲ್ಲೂ ತೆಗೆಯಿರಿ. ನಾಲ್ಕೂ ಮೂಲೆ ಒಂದೇ ಥರ ಮಸುಕಾಗಿದ್ದರೆ ಅದು ಈ ದರ್ಜೆಯ ಲೆನ್ಸಿನ ಸ್ವಭಾವ. ಒಂದೇ ಮೂಲೆ ಮಸುಕಾಗಿದ್ದರೆ ಕ್ಯಾಮೆರಾ ಎಲ್ಲೋ ಬಿದ್ದು ಲೆನ್ಸ್ ವಾಲಿದೆ ಎಂದೇ ಅನುಮಾನಿಸಿ. ಆಮೇಲೆ ಪೂರ್ತಿ ಜೂಮ್‌ನಲ್ಲಿ ಬರೀ ಆಕಾಶ ತೆಗೆಯಿರಿ. ಸೆನ್ಸರ್ ಮೇಲಿನ ದೂಳು ಬೂದು ಚುಕ್ಕೆಯಾಗಿ ಕಾಣುವುದು ಆಗಲೇ, ಮತ್ತು ಬಿಚ್ಚದೆ ಅದನ್ನು ಒರೆಸಲು ಬಾರದು.

ಕೊಳವೆಯೇ ಹೊರಬರದ ಬಗೆಯೂ ಇದೆ. 2002ರ ಮಿನೋಲ್ಟಾ ಡಿಮಾಜ್ ಎಕ್ಸ್‌ನಲ್ಲಿ ಪ್ರಿಸಂ ಬೆಳಕನ್ನು 90 ಡಿಗ್ರಿ ಬಾಗಿಸುತ್ತದೆ, 3 ಪಟ್ಟು ಜೂಮ್ ಲೆನ್ಸು ದೇಹದೊಳಗೇ ಚಲಿಸುತ್ತದೆ. ಸೋನಿಯ ಟಿ ಸರಣಿಯದ್ದೂ ಇದೇ ಉಪಾಯ. ಮರಳಿಗೆ ಇವು ಅಷ್ಟು ಬೇಗ ಬಗ್ಗುವುದಿಲ್ಲ. ಆದರೆ 2002ರಿಂದ 2004ರ ಆಸುಪಾಸಿನ ಯಾವುದೇ ಕ್ಯಾಮೆರಾ ಕೊಳ್ಳುವಾಗ ಜೋಪಾನ: ಸೋನಿ ತಯಾರಿಸಿದ ಸಿಸಿಡಿ ಎಂಬ ಬಗೆಯ ಕೆಲವು ಸೆನ್ಸರ್‌ಗಳು ಬಿಸಿ ಮತ್ತು ತೇವಕ್ಕೆ ಕೈಕೊಡುತ್ತಿವೆ ಎಂದು 2005ರಲ್ಲಿ ಸೋನಿ, ಕ್ಯಾನನ್, ನಿಕಾನ್ ಮುಂತಾದ ಕಂಪನಿಗಳೇ ಒಪ್ಪಿಕೊಂಡಿದ್ದವು. ಚಿತ್ರ ನೇರಳೆಗೆ ತಿರುಗಿ ಗೆರೆಗೆರೆಯಾಗುತ್ತದೆ, ಇಲ್ಲವೇ ಪೂರ್ತಿ ಕಪ್ಪು. ಕರಾವಳಿಯ ಮನೆಯಲ್ಲಿದ್ದ ಕ್ಯಾಮೆರಾ ಆದರೆ ಲೆನ್ಸಿನೊಳಗೆ ಟಾರ್ಚ್ ಬಿಟ್ಟು ಬೂಷ್ಟಿನ ಎಳೆಗಳಿವೆಯೇ ಎಂದೂ ನೋಡಿ.

ಕೊನೆಗೆ ಕಾರ್ಡು. 2006ಕ್ಕೂ ಹಿಂದಿನ ಕ್ಯಾಮೆರಾಗಳು ಸಾಮಾನ್ಯವಾಗಿ 2 ಜಿಬಿವರೆಗಿನ ಎಸ್‌ಡಿ ಕಾರ್ಡ್ ಮಾತ್ರ ಓದುತ್ತವೆ. ಹಳೆಯ ಒಲಿಂಪಸ್, ಫ್ಯೂಜಿಗಳಿಗೆ ಎಕ್ಸ್‌ಡಿ ಕಾರ್ಡ್, ಸೋನಿಗೆ ಮೆಮೊರಿ ಸ್ಟಿಕ್ ಬೇಕು. ಕ್ಯಾಮೆರಾ ಜೊತೆಗೇ ಅವೂ ಸಿಗದಿದ್ದರೆ ಚೌಕಾಸಿಗೇ ಇಳಿಯಬೇಡಿ. ಬ್ಯಾಟರಿ ಉಬ್ಬಿ ಒಳಗೆ ಸಿಕ್ಕಿಕೊಂಡಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಲು ಹೋಗಬೇಡಿ, ತೂತಾದರೆ ಬೆಂಕಿ ಹತ್ತುತ್ತದೆ.