ಮೊದಲು ಮಂಡಿ ಬಗ್ಗಲಿ, ಆಮೇಲೆ ನಾಣ್ಯ ಕುಣಿಯಲಿ

ಇಂಗ್ಲೆಂಡಿನ ಒಂದು ಸಣ್ಣ ಊರಿನ ಬೆಲ್ಲಿ ಡ್ಯಾನ್ಸ್ ಕ್ಲಾಸಿನ ವೀಡಿಯೊ ಈಗಷ್ಟೇ ನೋಡಿದೆ. ಚರ್ಚ್ ಹಾಲ್, ಮರದ ನೆಲದ ಮೇಲೆ ಬ್ಯಾಡ್ಮಿಂಟನ್ ಗೆರೆ, ಮೂಲೆಯಲ್ಲಿ ಪೇರಿಸಿಟ್ಟ ಕುರ್ಚಿ. ಮೊದಲನೇ ವಾರವಂತೆ. ಆಗಲೇ ಎಲ್ಲರ ಸೊಂಟಕ್ಕೂ ನಾಣ್ಯ ಹೊಲಿದ ಕಾಯಿನ್ ಬೆಲ್ಟ್! ಝಲ್ ಝಲ್ ಝಲ್. ಮಂಡಿ ಮಾತ್ರ ಒಬ್ಬರದೂ ಬಗ್ಗಿಲ್ಲ. ಮೈ ಉರಿಯಿತು ಮಾರಾಯ್ರೇ.

ನಮ್ಮಲ್ಲಿ ಭರತನಾಟ್ಯಕ್ಕೆ ಸೇರಿದ ದಿನವೇ ಗೆಜ್ಜೆ ಕಟ್ಟುತ್ತಾರೇನು? ಅಡವು ಕೈಗೆ, ಅಲ್ಲಲ್ಲ, ಕಾಲಿಗೆ ಹತ್ತಿದ ಮೇಲೆ ಗೆಜ್ಜೆ ಪೂಜೆ.

ಎಡವಟ್ಟು ಹೆಸರಿನಿಂದಲೇ ಶುರು. ಅರಬ್ಬಿಯಲ್ಲಿ ಬೆಲ್ಲಿ ಡ್ಯಾನ್ಸಿನ ಹೆಸರು ರಕ್ಸ್ ಶರ್ಕಿ, ಪೂರ್ವದ ಕುಣಿತ. 'ಹೊಟ್ಟೆಯ ಕುಣಿತ' ಅಂದವರು ಫ್ರೆಂಚರು, ಇಂಗ್ಲಿಷಿನವರು ಅದನ್ನೇ ಹಿಡಿದುಕೊಂಡರು. ಹಾಗಾಗಿ ಬಂದವರೆಲ್ಲ ಹೊಟ್ಟೆ ಅಲುಗಿಸಲು ಹೊರಡುತ್ತಾರೆ. ಆದರೆ ಶಿಮ್ಮಿಯ, ಅಂದರೆ ಸೊಂಟವನ್ನು ಬಿಡದೆ ಅಲುಗಿಸುವ ಚಲನೆಯ, ಬೇರು ಇರುವುದು ಮಂಡಿಯಲ್ಲಿ. ಪಾದ ಸೊಂಟದಗಲಕ್ಕೆ, ಎರಡೂ ನೇರ ಮುಂದಕ್ಕೆ. ಮಂಡಿ ಸಡಿಲ, ಬಾಲಮೂಳೆ ನೆಲದ ಕಡೆ, ಎದೆ ಮೇಲೆ, ಭುಜ ಕೆಳಗೆ. ಈಗ ಬಲ ಮಂಡಿ ನೇರ ಮಾಡಿ ಎಡ ಮಂಡಿ ಬಗ್ಗಿಸಿದರೆ ಬಲ ಸೊಂಟ ತಾನಾಗೇ ಏಳುತ್ತದೆ. ಆಮೇಲೆ ಅದಲುಬದಲು. ಮೊದಲು ಬಡಿತಕ್ಕೊಂದು, ಅದು ಸಮವಾಗಿ ಬಂದರೆ ಎರಡು, ಆಮೇಲಷ್ಟೇ ನಾಲ್ಕು. ಮಂಡಿಯನ್ನು ಹಿಂದಕ್ಕೆ ಸೆಟೆಸಿದರೆ ಕೀಲಿಗೆ ಏಟು, ಹಿಮ್ಮಡಿ ಎತ್ತಿದರೆ ಇಡೀ ಮೈ ಕುಕ್ಕುತ್ತದೆ. ಹಿಂಭಾಗ ಹೊರಚಾಚಿ ನಡು ಕಮಾನು ಮಾಡಿಕೊಂಡರಂತೂ ಮಾರನೇ ದಿನ ಬೆನ್ನು ಹಿಡಿಯಿತೆಂದೇ ಲೆಕ್ಕ.

(ಇಂಗ್ಲೆಂಡಿನಲ್ಲಿ ನೆಲೆಸಿರುವ ನಮ್ಮ ಭರತನಾಟ್ಯದ ಹುಡುಗಿಯರಿಗೆ ಬೇರೆಯದೇ ಕಷ್ಟ. ಅರೆಮಂಡಿಯ ಅಭ್ಯಾಸದಿಂದ ಮಂಡಿ ಚೆನ್ನಾಗಿ ಬಗ್ಗುತ್ತದೆ, ಆದರೆ ಹೊರಕ್ಕೆ ತಿರುಗಿಕೊಳ್ಳುತ್ತದೆ. ಪಾದ ಬೇರೆ ತಟ್ಟುತ್ತಾರೆ. ಎರಡನ್ನೂ ಬಾಗಿಲಲ್ಲೇ ಬಿಟ್ಟು ಬರಬೇಕು.)

ಕಾಯಿನ್ ಬೆಲ್ಟ್ ಮಾಡುವ ಮೋಸ ಇಲ್ಲಿದೆ. ಮೈ ಹೇಗೆ ಅಲುಗಿದರೂ ಅದು ಝಲ್ ಅನ್ನುತ್ತದೆ. ತಪ್ಪು ಶಿಮ್ಮಿಗೂ ಅದೇ ಶಬ್ದ, ಸುಮ್ಮನೆ ಕುಪ್ಪಳಿಸಿದರೂ ಅದೇ. ಕಲಿಯುವವರಿಗೆ 'ಬಂತು' ಅನ್ನಿಸಿಬಿಡುತ್ತದೆ. ಸಾಲದ್ದಕ್ಕೆ ಆ ಗದ್ದಲದಲ್ಲಿ ತಬ್ಲಾ ಕೇಳಿಸುವುದಿಲ್ಲ. ನಮ್ಮ ತಬಲಾ ಅಲ್ಲ, ತೊಡೆಯ ಮೇಲೆ ಅಡ್ಡ ಇಟ್ಟು ನುಡಿಸುವ ಈಜಿಪ್ಟಿನದು: ಚರ್ಮದ ನಡುವೆ ಹೊಡೆದರೆ ದುಂ, ಅಂಚಿಗೆ ತಕ್. ಮಕ್ಸೂಮ್ ಎಂಬ ಲಯವನ್ನು 8 ಎಣಿಕೆಗೆ ಹೇಳಿಕೊಳ್ಳಿ: ದುಂ ತಕ್ – ತಕ್ ದುಂ – ತಕ್ –. ಎರಡನೆಯ ಎಣಿಕೆಯ ತಕ್ ದುಂ ಆಯಿತೋ, ಅದು ಬಲದಿ ಎಂಬ ಬೇರೆ ಲಯ. ನಾಲ್ಕನೆಯದು ದುಂ ಆಯಿತೋ, ಸಯಿದಿ. ಒಂದೇ ಒಂದು ಪೆಟ್ಟಿನ ವ್ಯತ್ಯಾಸ! ಸೊಂಟ ಕೆಳಗೆ ಬೀಳಬೇಕಾದದ್ದು ದುಂ ಮೇಲೆ. ಎತ್ತರದ ಸೂರಿನ ಹಾಲ್‌ನಲ್ಲಿ ಎಲ್ಲರ ನಾಣ್ಯವೂ ಒಟ್ಟಿಗೆ ಮೊರೆದರೆ ಆ ದುಂ ಯಾರ ಕಿವಿಗೆ ಬೀಳಬೇಕು?

ಬೆಲ್ಟ್ ಪರವಾಗಿಯೂ ಒಂದು ವಾದ ಇದೆ. ಹಾಲ್‌ಗಳಲ್ಲಿ ಕನ್ನಡಿ ಇರುವುದಿಲ್ಲ, ಶಿಮ್ಮಿ ಸಮವಾಗಿದೆಯೋ ಇಲ್ಲವೋ ಸದ್ದಿನಿಂದ ಗೊತ್ತಾಗುತ್ತದೆ, ಅಂತ. ಸರಿ, ಶಿಮ್ಮಿ ಬರುವವರಿಗೆ ಗೊತ್ತಾಗುತ್ತದೆ. ಬಾರದವರಿಗೆ ಹಳೇ ದುಪಟ್ಟಾ ಸಾಕು. ನಡುವಿಗಲ್ಲ, ಕೆಳಗೆ ಸೊಂಟದ ಮೂಳೆಯ ಮೇಲೆ ಬಿಗಿದು ಗಂಟು ಒಂದು ಪಕ್ಕಕ್ಕೆ ಬರಲಿ. ಸೊಂಟ ಬಿದ್ದದ್ದು ಗಂಟು ನೋಡಿದರೇ ತಿಳಿಯುತ್ತದೆ. ಕನ್ನಡಿ ಬೇಕೇ ಬೇಕೆಂದರೆ ಇಂಗ್ಲೆಂಡಿನಲ್ಲಿ ಡಿಸೆಂಬರಿನಲ್ಲಿ ಸಂಜೆ 4ಕ್ಕೇ ಕತ್ತಲು, ಮನೆಯ ಕಿಟಕಿ ಗಾಜೇ ಕನ್ನಡಿ. ಪರದೆ ತೆಗೆದಿದ್ದರೆ ಎದುರು ಮನೆಯವರಿಗೂ ಪುಕ್ಕಟೆ ಪ್ರದರ್ಶನ, ಅದು ನಿಮಗೆ ಬಿಟ್ಟದ್ದು.

ಸುಳ್ಳು ಯಾಕೆ ಹೇಳಲಿ, ಆ ಝಲ್ ನನಗೂ ಇಷ್ಟ. ತುಂಬಾನೇ ಇಷ್ಟ. ಅದಕ್ಕೇ ಸಿಟ್ಟು. ನರ್ತಕಿ ಬದಿಯಾ ಮಸಾಬ್ನಿ 1926ರಲ್ಲಿ ಕೈರೋದಲ್ಲಿ ಕ್ಯಾಸಿನೊ ತೆರೆದರು, ಜೂಜಿನದಲ್ಲ, ಹಾಡು ಕುಣಿತದ್ದು. ಈ ಕುಣಿತದ ತಾರೆಯರಾದ ತಹಿಯಾ ಕಾರಿಯೋಕಾ, ಸಾಮಿಯಾ ಗಮಾಲ್ ಬೆಳೆದದ್ದು ಅಲ್ಲಿ. ಆ ಹಳೇ ಕಪ್ಪುಬಿಳುಪು ತುಣುಕುಗಳಲ್ಲಿ ತಹಿಯಾ ನಿಂತ ಜಾಗ ಬಿಟ್ಟು ಕದಲದೆ ಏನೇನು ಮಾಡುತ್ತಾರೆ ನೋಡಿ. ಅಷ್ಟಕ್ಕೆ ನಾಣ್ಯ ಬೇಕಾಗಲಿಲ್ಲ.

ಲೆಕ್ಕ ಹಾಕಿ. ವಾರಕ್ಕೊಂದು ಗಂಟೆ, 12 ವಾರದ ಟರ್ಮ್ ಅಂದರೆ 12 ಗಂಟೆ. ಪ್ರತಿ ಸಲವೂ ಮೈ ಬಿಸಿ ಮಾಡಲು 10 ನಿಮಿಷ, ಕೊನೆಗೆ ತಣಿಸಲು 5. ಉಳಿದದ್ದು 9 ಗಂಟೆ. ಅದರಲ್ಲೇ ಟರ್ಮಿನ ಕೊನೆಯ ಹಫ್ಲಾಕ್ಕೆ, ಅಂದರೆ ಅವರವರೇ ತಿಂಡಿ ತಂದು ಕುಣಿಯುವ ಕೂಟಕ್ಕೆ, ಒಂದು ನೃತ್ಯವನ್ನೂ ಕೂರಿಸಬೇಕು. ಇಷ್ಟರಲ್ಲಿ ಬೆಲ್ಟ್ ಹಂಚಿ, ಬಣ್ಣ ಆರಿಸಿ, ಫೋಟೋ ತೆಗೆದು... ಮಂಡಿಗೆ ಪುರುಸೊತ್ತೆಲ್ಲಿ?

ಆಗಲೇ ಕೊಂಡುಬಿಟ್ಟಿದ್ದೀರಾ? ಇರಲಿ, ಎರಡನೇ ಟರ್ಮಿಗೆ ಎತ್ತಿಡಿ. ವಾಷಿಂಗ್ ಮೆಷಿನ್‌ಗೆ ಮಾತ್ರ ಹಾಕಬೇಡಿ. ಒಂದು ದಾರ ಕಿತ್ತರೆ ಸಾಲಿಗೆ ಸಾಲೇ ಉದುರುತ್ತದೆ, ಆಮೇಲೆ ಶಿಮ್ಮಿ ಮಾಡುವುದು ಮೆಷಿನ್ನು.