ಚಂದ್ರನೂಟದ ತಂಗಳು

ಮದುವೆಗೆ ಸಾವಿರ ಎಲೆ ಅಂತ ಅಡುಗೆ ಮಾಡಿಸಿ, ಏಳುನೂರು ಎಲೆಗೇ ಪಂಕ್ತಿ ಮುಗಿದುಹೋದರೆ ನಮ್ಮ ಅಡುಗೆಭಟ್ಟರು ತಲೆ ಕೆಡಿಸಿಕೊಳ್ಳುವುದಿಲ್ಲ. ಬೆಳಿಗ್ಗೆ ಒಗ್ಗರಣೆ ಹಾಕಿದರೆ ಚಿತ್ರಾನ್ನ. 1970ರಲ್ಲಿ ಅಮೆರಿಕದ ನಾಸಾಕ್ಕೂ ಇದೇ ಫಜೀತಿ. ಚಂದ್ರನಿಗೆಂದು 15 ಸ್ಯಾಟರ್ನ್-5 ರಾಕೆಟ್‌ಗಳ ಅಡುಗೆ. ಎರಡು ಸಲ ಅಲ್ಲಿ ಇಳಿದು ಬರುವಷ್ಟರಲ್ಲಿ ದುಡ್ಡು ಕೊಡುವವರಿಗೇ ತೇಗು ಬಂತು. ಚಂದ್ರಯಾನಗಳಾದ ಅಪೊಲೊ 18, 19, 20 ರದ್ದು.

ಚಿತ್ರಾನ್ನ ಮಾತ್ರ ಸೊಗಸಾಗಿತ್ತು ಅನ್ನಬೇಕು. ರಾಕೆಟ್ಟಿನ ಮೂರನೇ ಹಂತವನ್ನೇ ಮನೆ ಮಾಡಿ, 1973ರ ಮೇ 14ರಂದು ಸ್ಕೈಲ್ಯಾಬ್ ಎಂಬ ಹೆಸರಿಟ್ಟು, ಭೂಮಿ ಸುತ್ತುವ ಬಾಹ್ಯಾಕಾಶ ನಿಲ್ದಾಣವಾಗಿ ಮೇಲಕ್ಕೆ ಕಳಿಸಿದರು. ಹೈಡ್ರೋಜನ್ ತುಂಬಬೇಕಿದ್ದ ತೊಟ್ಟಿ ಪಡಸಾಲೆ, ಆಕ್ಸಿಜನ್ ತುಂಬಬೇಕಿದ್ದ ತೊಟ್ಟಿ ಕಸದ ಗುಂಡಿ. ಗೃಹಪ್ರವೇಶಕ್ಕೆ ಮುಂಚೆಯೇ, ಏರುವ ಭರದಲ್ಲಿ ಮನೆಯ ಹೊರಹೊದಿಕೆ ಕಿತ್ತುಹೋಯಿತು, ಜೊತೆಗೊಂದು ಸೌರಫಲಕವೂ ಹಾರಿಹೋಯಿತು. ಒಳಗೆ ಏಪ್ರಿಲ್ ತಿಂಗಳ ರಾಯಚೂರಿನ ತಗಡಿನ ಶೆಡ್ಡಿನ ಸೆಕೆ. ಹನ್ನೊಂದು ದಿನ ಬಿಟ್ಟು ಹೊರಟ ಮೂವರು ಗಗನಯಾತ್ರಿಗಳು ಜೊತೆಗೆ ಕೊಡೆ ಒಯ್ದರು. ತಮಾಷೆಯಲ್ಲ, ನಿಜವಾಗಿ ಬಿಚ್ಚುವ ಕೊಡೆ. ಸಣ್ಣ ಕಿಂಡಿಯಿಂದ ಹೊರಗೆ ತೂರಿಸಿ ಅರಳಿಸಿದ ಮೇಲೆ ಮನೆ ತಣ್ಣಗಾಯಿತು.

ಆ ಮೂವರನ್ನು ಹೊತ್ತದ್ದೂ ತಂಗಳೇ: ಉಳಿದಿದ್ದ ಅಪೊಲೊ ನೌಕೆ, ಉಳಿದಿದ್ದ ಸ್ಯಾಟರ್ನ್-1ಬಿ ಎಂಬ ಚಿಕ್ಕ ರಾಕೆಟ್. ಉಡಾವಣಾ ಗೋಪುರ ಕಟ್ಟಿದ್ದು 110 ಮೀಟರಿನ ಅಣ್ಣ ಸ್ಯಾಟರ್ನ್-5ಕ್ಕೆ. ಈ ತಮ್ಮ ಬರೀ 68 ಮೀಟರ್. ಗೋಪುರದ ಕೈ ನಿಲುಕುವುದಿಲ್ಲ. ಗ್ರೂಪ್ ಫೋಟೋದಲ್ಲಿ ಕುಳ್ಳ ಮದುಮಗನ ಕಾಲ ಕೆಳಗೆ ಮಣೆ ತಳ್ಳುವ ಹಾಗೆ, 39 ಮೀಟರ್ ಎತ್ತರದ ಕಬ್ಬಿಣದ ಪೀಠ ಮಾಡಿ ರಾಕೆಟ್ಟನ್ನು ಅದರ ಮೇಲೆ ನಿಲ್ಲಿಸಿದರು. ಎಂಜಿನಿಯರುಗಳು ಅದನ್ನು ಕರೆದದ್ದು ‘ಹಾಲು ಕರೆಯುವ ಮಣೆ’ ಅಂತಲೇ. ವರ್ಷಗಟ್ಟಲೆ ಉಗ್ರಾಣದಲ್ಲಿದ್ದ ಮಾಲು ನೋಡಿ, ಮೂರನೇ ತಂಡ ಹೊರಡುವ ಹೊತ್ತಿಗೆ ರಾಕೆಟ್ಟಿನ ರೆಕ್ಕೆಗಳಲ್ಲಿ ಬಿರುಕು! ಎಂಟಕ್ಕೆ ಎಂಟನ್ನೂ ಬದಲಾಯಿಸಿ ಕಳಿಸಿದರು; ಆ ತಂಡವೇ 84 ದಿನ ಇದ್ದು ಬಂತು.

1975ರ ಜುಲೈನಲ್ಲಿ ಕೊನೆಯದಾಗಿ ಹಾರಿದ ಅಪೊಲೊ ನೌಕೆಗೆ ರಷ್ಯದ ಸೊಯುಜ್ ನೌಕೆಯ ಜೊತೆ ಲಗ್ನ ಗೊತ್ತಾಯಿತು. ನೌಕೆಗಳನ್ನು ಬಾಹ್ಯಾಕಾಶದಲ್ಲಿ ಜೋಡಿಸುವ ಹಳೆಯ ಕೊಂಡಿಗಳಲ್ಲಿ ಒಂದು ತೂರುವುದು, ಇನ್ನೊಂದು ತೂರಿಸಿಕೊಳ್ಳುವುದು. ಇಬ್ಬರೂ ಗಂಡಿನ ಕಡೆಯವರೇ ಆದರೆ ಬೀಗರ ಉಪಚಾರ ಯಾರು ಮಾಡಬೇಕು? ಎರಡೂ ಕಡೆ ಒಂದೇ ಥರ ಇರುವ ಹೊಸ ಕೊಂಡಿ ಮಾಡಿಸಿ ಮರ್ಯಾದೆ ಉಳಿಸಿಕೊಂಡರು.

ಇಷ್ಟೆಲ್ಲ ಆದಮೇಲೂ ಪಾತ್ರೆಯ ತಳದಲ್ಲಿ ಇನ್ನೂ ಇತ್ತು. ಎರಡನೆಯ ಸ್ಕೈಲ್ಯಾಬ್ ತಯಾರಾಗಿ ಕೂತಿತ್ತು. ಅದಕ್ಕೆ ತೂತು ಕೊರೆದು ಬಾಗಿಲು ಮಾಡಿ, ಜನ ಒಳಗೆ ಹೊಕ್ಕು ಹೊರಬರುವ ಹಾಗೆ ವಾಷಿಂಗ್ಟನ್ನಿನ ಮ್ಯೂಸಿಯಮ್ಮಿನಲ್ಲಿ ನಿಲ್ಲಿಸಿದರು. ಹೂಸ್ಟನ್ನಿನಲ್ಲಿ ಸ್ಯಾಟರ್ನ್-5ನ್ನು ಹುಲ್ಲಿನ ಮೇಲೆ ಮಲಗಿಸಿದರು. ಚಂದ್ರನಿಗೆ ಹೋಗಬೇಕಿದ್ದ ರಾಕೆಟ್ ದಶಕಗಟ್ಟಲೆ ಮಳೆಯಲ್ಲಿ ನೆನೆದು ಪಾಚಿ ಹಿಡಿದ ಮೇಲೆ, ‘ಅಯ್ಯೋ, ಪರಂಪರೆ ಹಾಳಾಗುತ್ತಿದೆ’ ಎಂದು ಚಂದಾ ಎತ್ತಿ ಸೂರು ಕಟ್ಟಿದರು. ಹಾರಿಸಲು ದುಡ್ಡಿಲ್ಲದ ಕಡೆ ತೊಳೆಯಲು ದುಡ್ಡು ಹುಟ್ಟಿತು.

ಅತ್ತ ಮೇಲಿನ ಮನೆ ಖಾಲಿ ಬಿದ್ದು ದಿನದಿನಕ್ಕೆ ಕೆಳಗಿಳಿಯುತ್ತಿತ್ತು. ಅದನ್ನು ಎತ್ತರಕ್ಕೆ ನೂಕಲು ಮತ್ತೆ ಮತ್ತೆ ಹಾರಬಲ್ಲ ಹೊಸ ನೌಕೆ ಶಟಲ್ ಬರುತ್ತದೆ ಎಂದು ಕಾದರು. ಸ್ಕೈಲ್ಯಾಬ್ ಬಿದ್ದದ್ದು 1979ರ ಜುಲೈ 11ಕ್ಕೆ, ಶಟಲ್ ಮೊದಲು ಹಾರಿದ್ದು 1981ರ ಏಪ್ರಿಲ್ 12ಕ್ಕೆ. ಹಾಗಂತ ಗಾಡಿಯೇ ಇರಲಿಲ್ಲವೆಂದಲ್ಲ. ಗಗನಯಾತ್ರಿಗಳ ರಕ್ಷಣೆಗೆಂದು ಇಟ್ಟ ಅಪೊಲೊ ನೌಕೆಯೊಂದು, ಅದಕ್ಕೊಂದು ಸ್ಯಾಟರ್ನ್-1ಬಿ, ಎರಡೂ ಫ್ಲಾರಿಡಾದಲ್ಲೇ ಇದ್ದವು. ಈಗಲೂ ಇವೆ, ಟಿಕೆಟ್ ತೆಗೆದುಕೊಂಡರೆ ನೋಡಬಹುದು.

ಚೂರುಗಳು ಬಿದ್ದ ಪಶ್ಚಿಮ ಆಸ್ಟ್ರೇಲಿಯಾದ ಎಸ್ಪೆರೆನ್ಸ್ ಊರಿನವರು ಕಸ ಎಸೆದಿದ್ದಕ್ಕೆ ನಾಸಾಕ್ಕೆ 400 ಡಾಲರ್ ದಂಡದ ಚೀಟಿ ಹರಿದರು. ಮೂವತ್ತು ವರ್ಷ ಬಾಕಿಯಿದ್ದ ಆ ದುಡ್ಡನ್ನು 2009ರಲ್ಲಿ ಕಟ್ಟಿದ್ದು ನಾಸಾ ಅಲ್ಲ, ಕೇಳುಗರಿಂದ ವಸೂಲಿ ಮಾಡಿದ ಅಮೆರಿಕದ ಒಬ್ಬ ರೇಡಿಯೊ ನಿರೂಪಕ.